ಮಡಚುತ್ತದೆ ಸರಿ, ಎಷ್ಟು ಹಿಡಿಯುತ್ತದೆ?

ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು 2008ರಲ್ಲಿ ಐದು ಪುಟಗಳ ಒಂದು ಪ್ರಬಂಧ ಪ್ರಕಟಿಸಿದರು. ಪರಮಾಣುವಿನಷ್ಟು ತೆಳುವಾದ ಇಂಗಾಲದ ಪದರವಾದ ಗ್ರಾಫೀನನ್ನು, ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸೂಪರ್‌ಕೆಪಾಸಿಟರಿನ ಎಲೆಕ್ಟ್ರೋಡಾಗಿ ಪರೀಕ್ಷಿಸಿದ ಮೊದಮೊದಲ ಕೆಲಸಗಳಲ್ಲಿ ಅದೊಂದು. ಅದು ಬಂದದ್ದು ವಿದೇಶದ ದೊಡ್ಡ ಪತ್ರಿಕೆಯಲ್ಲಲ್ಲ, ಬೆಂಗಳೂರಿನದೇ ಆದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ನ್ಯಾನೊಸೆಲ್ಯುಲೋಸ್ (ಸಸ್ಯನಾರಿನ ಅತಿಸೂಕ್ಷ್ಮ ಎಳೆ) ಬೆರೆಸಿದ ಗ್ರಾಫೀನ್ ಹಾಳೆಗಳನ್ನು 'ಹಸಿರು ಬ್ಯಾಟರಿ' ಎಂದು ಹೊಗಳುವ ಈ ದಿನಗಳಲ್ಲಿ ಆ ಐದು ಪುಟಗಳನ್ನು ಮತ್ತೆ ಓದಬೇಕು.

ಮೂರು ಬಗೆಯಲ್ಲಿ ಮಾಡಿದ ಗ್ರಾಫೀನನ್ನು ಅಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಒಂದಂತೂ ನಮ್ಮ ಮಂಗಳಾರತಿಯ ಕರ್ಪೂರದಿಂದ ಹುಟ್ಟಿದ್ದು. ಪಾಪ, ಅದು ಗೆಲ್ಲಲಿಲ್ಲ. ಗೆದ್ದವು ಗ್ರಾಫೈಟ್ ಆಕ್ಸೈಡಿನಿಂದ ಬಿಡಿಸಿದ್ದು ಮತ್ತು ನ್ಯಾನೊವಜ್ರದಿಂದ ಬಂದದ್ದು. ನೀರು ಬೆರೆತ ಗಂಧಕಾಮ್ಲದಲ್ಲಿ ಗ್ರಾಮಿಗೆ 117 ಫ್ಯಾರಡ್‌ವರೆಗೆ ವಿದ್ಯುತ್ ಧಾರಣೆ ಸಿಕ್ಕಿತು. ನೀರನ್ನು ಬಿಟ್ಟು ಅಯಾನಿಕ್ ದ್ರವ (ದ್ರವರೂಪದ ಲವಣ) ಹಾಕಿದಾಗ ಅದು 75ಕ್ಕೆ ಇಳಿಯಿತು. ಸೋಲು ಅನ್ನಿಸುತ್ತದೆಯೆ? ಆದರೆ ವೋಲ್ಟೇಜು 1ರಿಂದ 3.5 ವೋಲ್ಟಿಗೆ ಏರಿತ್ತು. ಶೇಖರವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಎರಡಕ್ಕೂ ರಾವ್ ತಂಡದ ಸೂತ್ರವನ್ನೇ ಹಿಡಿದು ಲೆಕ್ಕ ಹಾಕಿದರೆ ನೀರಿನಲ್ಲಿ ಕಿಲೊಗೆ ಸುಮಾರು 4 ವ್ಯಾಟ್-ಗಂಟೆ, ಅಯಾನಿಕ್ ದ್ರವದಲ್ಲಿ 31.9. ಫ್ಯಾರಡ್ ಕಡಿಮೆಯಾದರೂ ಶಕ್ತಿ ಸುಮಾರು ಎಂಟು ಪಟ್ಟು ಹೆಚ್ಚು.

ಇನ್ನು ಮಿಶ್ರ ಹಾಳೆಗಳ ವಿಷಯ. ಇಲ್ಲಿ ನ್ಯಾನೊಸೆಲ್ಯುಲೋಸಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಗ್ರಾಫೀನಿನ ದೊಡ್ಡ ರೋಗ ಅಂಟಿಕೊಳ್ಳುವುದು: ಗ್ರಾಮಿಗೆ 2630 ಚದರ ಮೀಟರ್ ಮೈ ಇದೆಯೆಂದು ಸಿದ್ಧಾಂತ ಹೇಳಿದರೂ, ಒಣಗುವಾಗ ಪದರಗಳು ಒದ್ದೆ ಹಪ್ಪಳಗಳಂತೆ ಒಂದಕ್ಕೊಂದು ಮೆತ್ತಿಕೊಂಡು ಆ ಮೈಯೆಲ್ಲ ಮುಚ್ಚಿಹೋಗುತ್ತದೆ. ಕೆಲವೇ ನ್ಯಾನೊಮೀಟರ್ ದಪ್ಪದ ಸೆಲ್ಯುಲೋಸ್ ಎಳೆಗಳು ನಡುವೆ ನಿಂತು ಅವನ್ನು ಬಿಡಿಸಿಡುತ್ತವೆ, ಗ್ರಾಫೀನನ್ನು ನೀರಿನಲ್ಲಿ ಕದಡಲು ನೆರವಾಗುತ್ತವೆ, ಎಲೆಕ್ಟ್ರೊಲೈಟನ್ನು ಹೀರಿ ಹಿಡಿಯುತ್ತವೆ. ಸೋಸಿ ಒಣಗಿಸಿದ ಹಾಳೆ ಮಡಚಿದರೂ ಮುರಿಯದು. ಆದರೆ ಸೆಲ್ಯುಲೋಸ್ ವಿದ್ಯುತ್ ಹರಿಸುವುದಿಲ್ಲ. ಹೆಚ್ಚಾದಷ್ಟೂ ಹಾಳೆ ಗಟ್ಟಿ, ಸಂಗ್ರಹ ಸೊರಗು.

ನನ್ನ ತಕರಾರು ಬೇರೆ ಕಡೆ. ಇಂಥ ಹಾಳೆಗಳಲ್ಲಿ ಬಹಳಷ್ಟನ್ನು ನೀರು ಬೆರೆತ ಜೆಲ್ಲಿನಲ್ಲೇ ಪರೀಕ್ಷಿಸುತ್ತಾರೆ. ಅಗ್ಗ, ನಿರಪಾಯ, ಬಾಗುತ್ತದೆ, ಎಲ್ಲವೂ ನಿಜ. ಆದರೆ 1.23 ವೋಲ್ಟ್ ದಾಟಿದರೆ ನೀರು ಒಡೆಯಲು ಶುರು, ಹಾಗಾಗಿ ವೋಲ್ಟೇಜು ಮತ್ತೆ 1ರ ಸುತ್ತಮುತ್ತಲೇ. ಅಯಾನಿಕ್ ದ್ರವಕ್ಕೆ ಹೋದರೆ ಶಕ್ತಿ ಬರುತ್ತದೆ, ಅಗ್ಗವೂ ಹಸಿರೂ ಹೋಗುತ್ತವೆ. ಈ ಇಕ್ಕಟ್ಟನ್ನು ಬಿಟ್ಟು ಗ್ರಾಮಿಗೆ ಇಷ್ಟು ಫ್ಯಾರಡ್ ಎಂದಷ್ಟೇ ಬೀಗುವುದು ಅರ್ಧ ಸತ್ಯ. ತೆಳು ಹಾಳೆಯ ತೂಕವೇ ನಗಣ್ಯವಾದ್ದರಿಂದ ಗ್ರಾಮಿನ ಲೆಕ್ಕ ದಾರಿ ತಪ್ಪಿಸುತ್ತದೆ ಎಂದು ವಿಜ್ಞಾನಿಗಳಾದ ಗೊಗೊಟ್ಸಿ ಮತ್ತು ಸಿಮೊನ್ 2011ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಎಚ್ಚರಿಸಿದ್ದರು. ರಾವ್ ತಂಡದ 31.9 ಕೂಡ ಎಲೆಕ್ಟ್ರೋಡಿನ ವಸ್ತುವಿನ ತೂಕಕ್ಕೆ ಮಾತ್ರ ಸಲ್ಲುವ ಸಂಖ್ಯೆ. ದ್ರವ, ಲೋಹದ ತಗಡು, ಹೊದಿಕೆಯ ಭಾರ ಸೇರಿಸಿದರೆ ಕುಗ್ಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿ ಇಡೀ ಕೋಶದ ತೂಕಕ್ಕೇ ಕಿಲೊಗೆ 150ರಿಂದ 250 ವ್ಯಾಟ್-ಗಂಟೆ ಕೊಡುತ್ತದೆ.

'ಪರಿಸರಸ್ನೇಹಿ' ಎಂಬ ಹಣೆಪಟ್ಟಿಗೂ ಪೂರ್ತಿ ಅಂಕ ಕೊಡಲಾರೆ. ಕಡಲೆಕಾಯಿ ಪರಿಷೆಯ ಸಿಪ್ಪೆಯಲ್ಲೂ ಜಯನಗರದ ಎಳನೀರು ಬುರುಡೆಯಲ್ಲೂ ಸೆಲ್ಯುಲೋಸ್ ಇದೆ. ಅದರ ಜೊತೆ ಲಿಗ್ನಿನ್ನೂ ಧಾರಾಳವಾಗಿದೆ, ಅದನ್ನು ತೆಗೆಯಲು ಕಾಸ್ಟಿಕ್ ಸೋಡ, ಬ್ಲೀಚು ಬೇಕು. ಗ್ರಾಫೀನ್ ಕಡೆ ಸಾಮಾನ್ಯವಾಗಿ 1958ರ ಹಮ್ಮರ್ಸ್ ವಿಧಾನದ ಕವಲುಗಳೇ: ಗಟ್ಟಿ ಗಂಧಕಾಮ್ಲ, ಪರ್ಮಾಂಗನೇಟು, ತೊಳೆಯಲು ಕೊಡಗಟ್ಟಲೆ ನೀರು. ಕೊನೆಗೆ ಆಮ್ಲಜನಕ ಕಳೆಯಲು ವಿಷಕಾರಿ ಹೈಡ್ರಜೀನ್ ಬಳಸುವವರೂ ಇದ್ದಾರೆ. ಸಿ ಜೀವಸತ್ವದಲ್ಲೂ ಆ ಕೆಲಸ ಆಗುತ್ತದೆ.

ಮೈಗಂಟುವ ಸೆನ್ಸರಿಗೆ, ಕ್ಷಣಕಾಲದ ವಿದ್ಯುತ್ತಿಗೆ ಈ ಹಾಳೆ ಒಳ್ಳೆಯ ಸಾಮಗ್ರಿ. ಸ್ಕೂಟರಿನ ಬ್ಯಾಟರಿಗೆ ಬದಲಿಯಲ್ಲ. ಬನಶಂಕರಿ, ಕುಮಾರಸ್ವಾಮಿ ಬಡಾವಣೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರಲ್ಲಿ ಒಂದು ಕೋರಿಕೆ: ವರದಿಯಲ್ಲಿ ಫ್ಯಾರಡ್ ಪಕ್ಕದಲ್ಲೇ ವೋಲ್ಟೇಜು, ಹಾಳೆಯ ದಪ್ಪ, ಇಡೀ ಕೋಶದ ತೂಕ, ತೊಳೆಯಲು ಖರ್ಚಾದ ನೀರು, ಇವಿಷ್ಟನ್ನೂ ಬರೆಯಿರಿ.