ನೂರ ಒಂದನೇ ಎಗ್ಜಿಟ್

ಅಟ್ಲಾಂಟಾದ ನಮ್ಮ ಕನ್ನಡ ಮಂದಿ ಫ್ಲಾರಿಡಾಕ್ಕೆ ಹೊರಡುವುದೆಂದರೆ ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಪುಳಿಯೋಗರೆ ಕಟ್ಟಿಕೊಳ್ಳುವುದು, ಮಧ್ಯಾಹ್ನದೊಳಗೆ ಆರ್ಲಾಂಡೊ ಮುಟ್ಟಲೇಬೇಕೆಂದು ಹಟ ಹಿಡಿಯುವುದು. ನಾನೂ ಹತ್ತು ವರ್ಷ ಹಾಗೇ ಮಾಡಿದೆ. ಈಗ ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟು, ಎರಡು ಗಂಟೆ ಚಿಲ್ಲರೆ ಓಡಿಸಿ, ಕಾರ್ಡೀಲ್ ಎಂಬ ಊರಿನಲ್ಲಿ ರಾತ್ರಿ ತಂಗುತ್ತೇನೆ. ಇಂಟರ್‌ಸ್ಟೇಟ್ 75ರಲ್ಲಿ ಎಗ್ಜಿಟ್ 101. ಜಾರ್ಜಿಯಾದಲ್ಲಿ ಮೊದಲು ಎಗ್ಜಿಟ್‌ಗಳಿಗೆ ಒಂದು, ಎರಡು, ಮೂರು ಎಂದು ಸಾಲಾಗಿ ನಂಬರು ಇರುತ್ತಿತ್ತು. 2000ದಲ್ಲಿ ಅದನ್ನು ಬಿಟ್ಟು ಮೈಲಿ ಲೆಕ್ಕಕ್ಕೆ ಬಂದರು. ಹಾಗಾಗಿ 101 ಎಂದರೆ ಫ್ಲಾರಿಡಾ ಗಡಿಗೆ ಇನ್ನು 101 ಮೈಲಿ. ಬೇಗ ತಲುಪಬೇಕೆನ್ನುವವರು ಇಲ್ಲಿ ಗಡಿಯಾರ ನೋಡಿಕೊಂಡು ಪೆಟ್ರೋಲು ಹಾಕಿಸುತ್ತಾರೆ. ಇಳಿಯಬೇಕಾದವರು ಇಳಿಯಬೇಕಾದ್ದೂ ಇಲ್ಲೇ.

ಎಗ್ಜಿಟ್ಟಿನ ಬಾಯಲ್ಲಿರುವ ಬಂಕು, ಬರ್ಗರಿನಂಗಡಿ, ಮೋಟೆಲುಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಮಿಷಿಗನ್ನಿನಿಂದ ಮಯಾಮಿವರೆಗೆ ಅವು ಒಂದೇ ಥರ. ಆದರೆ ನಾನು ಮೊದಲ ಸಲ ಇಳಿದ ರಾತ್ರಿ ಅವುಗಳ ನಡುವೆ ಒಂದು ಕ್ಷಿಪಣಿ ನಿಂತಿತ್ತು. ಟೈಟನ್ 1, 98 ಅಡಿ ಎತ್ತರ. ಊರಿನ ರೋಟರಿ ಕ್ಲಬ್ಬಿನವರು 1968ರಲ್ಲಿ ನಿಲ್ಲಿಸಿದ್ದು. ಸೀಮೆಎಣ್ಣೆ ಜಾತಿಯ ಇಂಧನ, ದ್ರವ ಆಮ್ಲಜನಕ ತುಂಬಿ, ನೆಲದೊಳಗಿನ ಬಾವಿಯಿಂದ ಲಿಫ್ಟಿನಲ್ಲಿ ಮೇಲೆತ್ತಿದ ಮೇಲೆ ಮಾತ್ರ ಹಾರಬಲ್ಲ ಕ್ಷಿಪಣಿ ಅದು. ಅಷ್ಟು ಹೊತ್ತು ಕಾಯಲು ಸೇನೆಗೆ ಪುರುಸೊತ್ತಿರಲಿಲ್ಲ. 1962ರಲ್ಲಿ ಕೆಲಸಕ್ಕೆ ಸೇರಿದ್ದು 1965ರಲ್ಲಿ ನಿವೃತ್ತಿಯಾಯಿತು. ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಲ್ಲಿದ್ದ ನನ್ನ ಮಗಳು ಅದನ್ನು ನೋಡಿ ಎದ್ದು ಕೂತಳು. ಹೆದ್ದಾರಿಯಲ್ಲಿ ಹೋಗುವವರನ್ನು ಊರಿನೊಳಕ್ಕೆ ಕರೆಯಲು ಸಾಕ್ಷಾತ್ ಕ್ಷಿಪಣಿಯನ್ನೇ ತಂದು ನಿಲ್ಲಿಸಿದ ಆ ಜನರ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿತು.

ಕಾರ್ಡೀಲ್ ಹುಟ್ಟಿದ್ದು 1888ರಲ್ಲಿ, ರೈಲಿನಿಂದ. ಸವಾನ, ಅಮೆರಿಕಸ್ ಅಂಡ್ ಮಾಂಟ್‌ಗಾಮರಿ ರೈಲ್ವೆಯ ಅಧ್ಯಕ್ಷ ಸ್ಯಾಮುಯೆಲ್ ಹಾಕಿನ್ಸ್ ತನ್ನ ಮಗಳು ಕಾರ್ಡೀಲಿಯಾಳ ಹೆಸರನ್ನು ಊರಿಗಿಟ್ಟ. ಆಮೇಲೆ ಬಂತು ಯು.ಎಸ್. 41. ಇಂಟರ್‌ಸ್ಟೇಟ್ ಇಲ್ಲದ ಕಾಲದಲ್ಲಿ ಉತ್ತರದವರು ಚಳಿ ತಪ್ಪಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗುತ್ತಿದ್ದ ದಾರಿ ಅದು. ಊರಿನ ನಡುಬೀದಿಯಲ್ಲೇ ಹಾದುಹೋಗುತ್ತದೆ. ಆಗ ತಂಗುವ ಊರೆಂದರೆ ನಿಜಕ್ಕೂ ತಂಗುವ ಊರು.

ಎಲ್ಲರಿಗೂ ಅಲ್ಲ. ಕಪ್ಪು ಜನರ ಕುಟುಂಬಗಳು ಈ ದಾರಿಯಲ್ಲಿ ಊಟ ಕಟ್ಟಿಕೊಂಡು, ಯಾವ ಊರಿನಲ್ಲಿ ಯಾರು ಮಲಗಲು ಜಾಗ ಕೊಡುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೊರಡಬೇಕಿತ್ತು. ಅದು ಕಾನೂನಿನ ಮಟ್ಟಿಗೆ ಮುಗಿದದ್ದು ಒಂದು ಮೋಟೆಲಿನ ಮೊಕದ್ದಮೆಯಲ್ಲಿ. ಅಟ್ಲಾಂಟಾದ ಹಾರ್ಟ್ ಆಫ್ ಅಟ್ಲಾಂಟಾ ಮೋಟೆಲಿಗೆ 216 ಕೋಣೆಗಳಿದ್ದವು. ಕಪ್ಪು ಜನರಿಗೆ ಕೋಣೆ ಕೊಡುವುದಿಲ್ಲ, ಕೊಡೆಂದು ಹೇಳುವ ಅಧಿಕಾರ ಸಂಸತ್ತಿಗಿಲ್ಲ ಎಂದು ಅದರ ಮಾಲೀಕ ಕೋರ್ಟಿಗೆ ಹೋದ. 1964ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟು ಅವನ ವಾದ ತಳ್ಳಿಹಾಕಿತು. ನಾಲ್ಕರಲ್ಲಿ ಮೂರು ಪಾಲು ಗಿರಾಕಿಗಳು ಹೊರರಾಜ್ಯದವರು, ಮೋಟೆಲು ಹೆದ್ದಾರಿಗಳಿಗೆ ಹತ್ತಿರ, ಆದ್ದರಿಂದ ಇದು ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ, ಸಂಸತ್ತಿನ ಅಧಿಕಾರಕ್ಕೆ ಒಳಪಟ್ಟದ್ದು ಎಂದಿತು. ಆ ತೀರ್ಪಿನಲ್ಲಿ ಹೆಸರಿಸಿದ ಹೆದ್ದಾರಿಗಳಲ್ಲಿ 75 ಇದೆ, 41 ಕೂಡ ಇದೆ. ಕಾರ್ಡೀಲಿನಲ್ಲಿ ಕಂದು ಮೈಬಣ್ಣದ ನಾನು ಅಪರಾತ್ರಿಯಲ್ಲಿ ಹೋಗಿ ಕೋಣೆ ಕೇಳುವಾಗಲೆಲ್ಲ ಈ ಎರಡು ನಂಬರುಗಳು ನೆನಪಾಗುತ್ತವೆ.

ಕೋಣೆಯ ಬೀಗದ ಕಾರ್ಡು ಕೊಡುವವರು ಗುಜರಾತಿನ ನವಸಾರಿ ಕಡೆಯ ಒಬ್ಬ ಹೆಂಗಸು. ಅಮೆರಿಕದ ಅರ್ಧಕ್ಕೂ ಹೆಚ್ಚು ಹೋಟೆಲುಗಳು ತನ್ನ ಸದಸ್ಯರ ಕೈಯಲ್ಲಿವೆ ಎನ್ನುತ್ತದೆ, 1989ರಲ್ಲಿ ಅಟ್ಲಾಂಟಾದಲ್ಲೇ ಶುರುವಾದ ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘ. ನನಗೆ ಆ ಅಂಕಿಗಿಂತ ಮುಖ್ಯವಾದದ್ದು ಕೌಂಟರಿನ ಹಿಂದಿನ ಬಾಗಿಲ ಸಂದಿಯಿಂದ ಬರುವ ಒಗ್ಗರಣೆಯ ವಾಸನೆ. "ಬೆಳಿಗ್ಗೆ ಏಳಕ್ಕೆ ಮೊದಲು ಮಾರ್ಕೆಟ್ಟಿಗೆ ಹೋಗಿ ಭಾಯಿ. ತಡವಾದರೆ ಒಳ್ಳೇದೆಲ್ಲ ಖಾಲಿ" ಎಂದು ಮೊದಲು ಹೇಳಿದವರು ಅವರೇ.

ಮಾರ್ಕೆಟ್ಟೆಂದರೆ 41ರ ಮೇಲಿರುವ ಸರ್ಕಾರಿ ರೈತರ ಮಾರುಕಟ್ಟೆ. ಮಾರುವುದು ಕಲ್ಲಂಗಡಿ. ಜಗತ್ತಿನ ಕಲ್ಲಂಗಡಿ ರಾಜಧಾನಿ ಎಂದು ಕಾರ್ಡೀಲ್ ತನ್ನನ್ನು ಕರೆದುಕೊಳ್ಳುತ್ತದೆ. 1949ರಿಂದ ಬೇಸಿಗೆಯಲ್ಲಿ ಕಲ್ಲಂಗಡಿ ಹಬ್ಬವೂ ಇದೆ.

ಇಲ್ಲಿನ ಹಣ್ಣಿಗೆ ರುಚಿ ಎಲ್ಲಿಂದ ಬಂತೆಂದು ತಿಳಿಯಲು ಕಾರಿನ ಕಿಟಕಿಯಾಚೆ ನೋಡಿದರೆ ಸಾಕು. ಅಟ್ಲಾಂಟಾದಿಂದ ಮೇಕನ್‌ವರೆಗೆ ರಸ್ತೆ ಬದಿ ಕೆಮ್ಮಣ್ಣು, ನಮ್ಮ ಕೋಲಾರದ್ದರಂಥದ್ದು. ಮೇಕನ್ ದಾಟಿದೊಡನೆ ನೆಲ ಚಪ್ಪಟೆಯಾಗಿ, ಮಣ್ಣು ಬೂದು ಮರಳಾಗುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ದಡ ಮೇಕನ್ ಬಳಿ ಇತ್ತು. ಅಲ್ಲಿಂದ ಮುಂದೆ ನಾವು ಓಡಿಸುವುದೆಲ್ಲ ಹಳೆಯ ಕಡಲ ತಳದ ಮೇಲೆ. ಮರಳು ವಸಂತದಲ್ಲಿ ಬೇಗ ಬಿಸಿಯಾಗುತ್ತದೆ, ಮಳೆ ನೀರು ನಿಲ್ಲುವುದಿಲ್ಲ, ಬಳ್ಳಿಯ ಬೇರು ಆಳಕ್ಕೆ ಇಳಿಯುತ್ತದೆ. ಫ್ಲಾರಿಡಾದ ಬೆಳೆ ಮುಗಿಯುವ ಹೊತ್ತಿಗೆ ಜೂನಿನಲ್ಲಿ ಇಲ್ಲಿಯ ಕೊಯ್ಲು ಶುರು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಇಡೀ ಪೂರ್ವ ಅಮೆರಿಕ ಕಲ್ಲಂಗಡಿ ಕೇಳುವುದೂ ಆಗಲೇ.

ಕಿಟಕಿ, ಮೈತಗಡು ಕತ್ತರಿಸಿದ ಹಳೆಯ ಶಾಲಾ ಬಸ್ಸುಗಳು ಹೊಲದೊಳಗೆ ಮೆಲ್ಲಗೆ ಸಾಗುತ್ತವೆ. ಕೂಲಿಯವರು ಸಾಲಾಗಿ ನಿಂತು ಹಣ್ಣನ್ನು ಕೈಯಿಂದ ಕೈಗೆ ಎಸೆದು ಬಸ್ಸು ತುಂಬುತ್ತಾರೆ. ಹತ್ತು ಕಿಲೋ ಹಣ್ಣು ಗಾಳಿಯಲ್ಲಿ ಹಾರಿ ಬರುವಾಗ ಹಿಡಿಯುವವನು ಕೈಯನ್ನು ಹಿಂದಕ್ಕೆ ಬಿಟ್ಟುಕೊಟ್ಟು ಹಿಡಿಯುತ್ತಾನೆ, ಕೂಸನ್ನು ಇಸಕೊಂಡ ಹಾಗೆ. ಆ ಬಿಸಿಲಿನಲ್ಲಿ ಆ ಕೆಲಸ ಎಷ್ಟು ಕಷ್ಟವೆಂದು ಹಣ್ಣು ತಿನ್ನುವವರು ಒಮ್ಮೆ ಹೊಲದ ಬದುವಿನಲ್ಲಿ ನಿಂತು ನೋಡಬೇಕು.

ಹಣ್ಣು ಆರಿಸುವುದರಲ್ಲಿ ನನಗೆ ಖಚಿತ ಅಭಿಪ್ರಾಯಗಳಿವೆ. ತಟ್ಟಿ ಸದ್ದು ಕೇಳುವುದು ಕೊನೆಗೆ. ಮೊದಲು ಮಗುಚಿ, ನೆಲಕ್ಕೆ ತಾಗಿದ್ದ ಮಚ್ಚೆ ನೋಡಿ: ಬೆಣ್ಣೆಯ ಹಳದಿ ಇರಬೇಕು, ಬೆಳ್ಳಗಿದ್ದರೆ ಎಳಸು. ಕಲ್ಲಂಗಡಿ ಕಿತ್ತ ಮೇಲೆ ಮಾಗುವುದಿಲ್ಲ, ಮನೆಯಲ್ಲಿಟ್ಟು ಕಾದು ಪ್ರಯೋಜನವಿಲ್ಲ. ಹೊಲದಲ್ಲಾದರೆ ತೊಟ್ಟಿನ ಬಳಿಯ ಸುರುಳಿ ಕುಡಿ ಒಣಗಿದೆಯೇ ನೋಡುತ್ತಾರೆ. ಆಮೇಲೆ ತೂಕ: ಒಂದೇ ಗಾತ್ರದ ಎರಡರಲ್ಲಿ ಭಾರದ್ದು. ಬೀಜವಿಲ್ಲದ ತಳಿಗಳೇ ಈಗ ಹೆಚ್ಚು. ನನ್ನ ಮತ ಬೀಜವಿರುವ ಹಣ್ಣಿಗೆ. ಇಲ್ಲಿನ ಹಳಬರು ಹೋಳಿನ ಮೇಲೆ ಉಪ್ಪು ಉದುರಿಸುತ್ತಾರೆ. ನಾನು ಮನೆಯಿಂದ ಖಾರದ ಪುಡಿ ಒಯ್ಯುತ್ತೇನೆ.

ಮಾರ್ಕೆಟ್ಟಿನ ಹೊರಗೆ ದೊಡ್ಡ ಹಂಡೆಯಲ್ಲಿ ಬೇಯುತ್ತಿರುತ್ತದೆ ನಮ್ಮವರ ಕಣ್ಣು ಒದ್ದೆಯಾಗಿಸುವ ಇನ್ನೊಂದು ತಿಂಡಿ: ಕಡಲೇಕಾಯಿ. ಅಗೆದು ತೆಗೆದ ಹಸಿ ಕಾಯನ್ನು ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಬಸವನಗುಡಿ ಪರಿಷೆಯಲ್ಲಿ ಪೊಟ್ಟಣ ಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಉಪ್ಪು ಜಾಸ್ತಿ, ಬೇಯಿಸುವುದೂ ಜಾಸ್ತಿ, ಬೀಜ ಬೇಳೆಯ ಹಾಗೆ ಮೆತ್ತಗಾಗಬೇಕು. ದಕ್ಷಿಣ ಅಮೆರಿಕದ ಈ ಗಿಡವನ್ನು ಇಲ್ಲಿನ ಅಡುಗೆಗೆ ಒಗ್ಗಿಸಿದವರು ಗುಲಾಮರಾಗಿ ಬಂದ ಆಫ್ರಿಕನ್ನರು. ಕಡಲೇಕಾಯಿಗೆ ಇಲ್ಲಿನವರು ಹೇಳುವ ಗೂಬರ್ ಎಂಬ ಹೆಸರೂ ಆಫ್ರಿಕದ ಬಾಂಟು ಭಾಷೆಗಳಿಂದಲೇ ಬಂದದ್ದು. ಇಲ್ಲಿಂದ ಪಶ್ಚಿಮಕ್ಕೆ ನಲವತ್ತು ಮೈಲಿಯಾಚೆಯ ಪ್ಲೇನ್ಸ್ ಊರಿನ ಬೀದಿಯಲ್ಲಿ ಹೀಗೆ ಬೇಯಿಸಿದ ಕಡಲೇಕಾಯಿ ಮಾರುತ್ತಿದ್ದ ಪುಟ್ಟ ಹುಡುಗನೇ ಮುಂದೆ ಅಧ್ಯಕ್ಷನಾದ ಜಿಮ್ಮಿ ಕಾರ್ಟರ್.

ಅಲ್ಲಿಗೆ ಕಾರಿನಲ್ಲಿ ಹೋಗಬೇಡಿ. ಹಾಕಿನ್ಸನ ರೈಲ್ವೆಯ ಮೊದಲಕ್ಷರಗಳನ್ನು ಹೊತ್ತ ಸ್ಯಾಮ್ ಶಾರ್ಟ್‌ಲೈನ್ ಎಂಬ ಪ್ರವಾಸಿ ರೈಲು ಕೆಲವು ಶನಿವಾರಗಳಂದು ಕಾರ್ಡೀಲಿನಿಂದ ಹೊರಡುತ್ತದೆ. ಬ್ಲ್ಯಾಕ್‌ಶಿಯರ್ ಸರೋವರ ದಾಟುವಾಗ ಎರಡೂ ಕಡೆ ನೀರಿನಲ್ಲೇ ನಿಂತ ಸೈಪ್ರೆಸ್ ಮರಗಳು. ಫ್ಲಿಂಟ್ ನದಿಗೆ 1930ರಲ್ಲಿ ಅಣೆಕಟ್ಟು ಕಟ್ಟಿ ಮಾಡಿದ ಸರೋವರ ಅದು. ರೈಲು ಓಡುವುದು ನಿಧಾನ. ಹತ್ತಿ, ಕಡಲೇಕಾಯಿ ಹೊಲಗಳನ್ನು ಸಾಲು ಸಾಲಾಗಿ ನೋಡಬಹುದು. ಕೊನೆಯ ನಿಲ್ದಾಣ ಆರ್ಚರಿ, ಕಾರ್ಟರ್ ಬೆಳೆದ ತೋಟದ ಮನೆಯ ಎದುರಿಗೇ. 1976ರ ಚುನಾವಣೆಗೆ ಅವರು ಕಚೇರಿ ಮಾಡಿಕೊಂಡಿದ್ದ ಪ್ಲೇನ್ಸಿನ ಪುಟ್ಟ ರೈಲು ನಿಲ್ದಾಣ ಹಾಗೇ ಇದೆ. ನೂರು ತುಂಬಿದ ಮೇಲೆ, 2024ರ ಡಿಸೆಂಬರ್ 29ರಂದು, ಅದೇ ಊರಿನ ಮನೆಯಲ್ಲಿ ಅವರು ತೀರಿಕೊಂಡರು.

ಕಳೆದ ಜೂನಿನಲ್ಲಿ ರೈಲಿಂದ ಇಳಿದು ಮೋಟೆಲಿಗೆ ಹಿಂತಿರುಗಿದಾಗ, ಬೆಳಿಗ್ಗೆ ಕೊಂಡಿದ್ದ ಎರಡು ಹಣ್ಣುಗಳಲ್ಲಿ ಒಂದನ್ನು ಕೌಂಟರಿನ ಮೇಲಿಟ್ಟೆ. ಆ ತಾಯಿ ತಟ್ಟಲಿಲ್ಲ. ಹಣ್ಣನ್ನು ಮಗುಚಿ, ಹಳದಿ ಮಚ್ಚೆಯ ಮೇಲೆ ಹೆಬ್ಬೆರಳು ಆಡಿಸಿ, ಒಳಗಿನಿಂದ ಚಾಕು ತರಲು ಮಗನನ್ನು ಕೂಗಿದರು.