ನೊಣವಿನಕೆರೆ: ಒಂದು ಸ್ಥಳನಾಮದ ನಿಷ್ಪತ್ತಿ ವಿಚಾರ

ಸ್ಥಳನಾಮಗಳ ಅರ್ಥವನ್ನು ವಿಚಾರಿಸುವವರಿಗೆ ಎದುರಾಗುವ ತೊಡಕುಗಳಲ್ಲಿ ಭಾಷಾಶಾಸ್ತ್ರಕ್ಕೆ ಸೇರಿದವು ಕೆಲವಾದರೆ, ಮನುಷ್ಯಸ್ವಭಾವಕ್ಕೆ ಸೇರಿದವು ಹಲವು. ತಮ್ಮ ಊರಿನ ಹೆಸರು ದೊಡ್ಡ ಅರಸನೊಬ್ಬನನ್ನೋ ಋಷಿಯೊಬ್ಬನನ್ನೋ ನೆನಪಿಗೆ ತರಬೇಕೆಂದು ಎಲ್ಲರೂ ಬಯಸುತ್ತಾರೆ. ಕ್ಷುದ್ರವಾದ ಪ್ರಾಣಿಯೊಂದರಿಂದ ಅದು ಬಂದಿತೆಂದರೆ ಸಂಕೋಚಪಡುತ್ತಾರೆ. ಈ ಬಯಕೆ ಸಂಕೋಚಗಳು ವಿದ್ವತ್ತಿನ ವೇಷವನ್ನು ತೊಟ್ಟು ಬಂದಾಗ ಅವನ್ನು ಗುರುತಿಸುವುದು ಸುಲಭವಲ್ಲ. ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಹೆಸರು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ಹೆಸರಿಗೆ ಎರಡು ವಿವರಣೆಗಳು ತಾವಾಗಿಯೇ ಮುಂದೆ ಬರುತ್ತವೆ. ಕಿವಿಗೆ ಕೇಳಿದಂತೆ ಅರ್ಥಮಾಡಿದರೆ ಇದು ನೊಣದ ಕೆರೆ. ಚರಿತ್ರೆಯನ್ನು ಬಲ್ಲವರಿಗೆ ಒಡನೆಯೇ ಹೊಳೆಯುವುದು ನೊಳಂಬರ ಹೆಸರು. ಮೊದಲನೆಯದನ್ನು ಪಾಮರರ ಊಹೆಯೆಂದು ತಳ್ಳಿಹಾಕಿ ಎರಡನೆಯದನ್ನು ಸಿದ್ಧಾಂತವೆಂದು ಸ್ವೀಕರಿಸುವ ಪ್ರವೃತ್ತಿ ಓದಿದವರಲ್ಲಿ ಸಹಜವಾದುದು. ಅದು ಎಷ್ಟರಮಟ್ಟಿಗೆ ಸಾಧು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಪಾಮರರ ಊಹೆಯನ್ನು ಶಂಕಿಸಲು ಕಾರಣಗಳಿಲ್ಲದಿಲ್ಲ. ಅರ್ಥ ಮರೆತುಹೋದ ಶಬ್ದಕ್ಕೆ ಜನರು ಪರಿಚಿತ ಶಬ್ದವೊಂದರ ಅರ್ಥವನ್ನು ಹೊಂದಿಸಿಕೊಳ್ಳುವ ಈ ಕ್ರಮಕ್ಕೆ ಜರ್ಮನ್ ವಿದ್ವಾಂಸನಾದ ಫರ್ಸ್ಟೆಮನ್ 1852ರಲ್ಲಿ 'ಜನಪದ ನಿಷ್ಪತ್ತಿ' ಎಂಬರ್ಥದ ಹೆಸರನ್ನು ಕೊಟ್ಟನು. ಇಂಗ್ಲೆಂಡಿನ ಯಾರ್ಕ್ ನಗರವನ್ನು ರೋಮನರು ಎಬೊರಾಕಮ್ ಎಂದು ಬರೆದರು. ಆ ಕೆಲ್ಟಿಕ್ ಹೆಸರು ಒಂದು ಮರಕ್ಕೆ ಸಂಬಂಧಿಸಿದುದೆಂಬುದು ವಿದ್ವಾಂಸರ ಸಾಮಾನ್ಯ ಮತ. ಅನಂತರ ಬಂದ ಆಂಗ್ಲರ ಕಿವಿಗೆ ಅದರಲ್ಲಿ ತಮ್ಮ ಭಾಷೆಯ ಕಾಡುಹಂದಿಯ ಹೆಸರು ಕೇಳಿಸಿತು. ಊರು ಎಯೊಫೊರ್‌ವಿಕ್ ಆಯಿತು. ಡೇನರ ಬಾಯಲ್ಲಿ ಯೋರ್ವಿಕ್ ಆಗಿ ಕೊನೆಗೆ ಯಾರ್ಕ್ ಆಗಿ ನಿಂತಿತು. ಇಲ್ಲದ ಪ್ರಾಣಿಯೊಂದು ಹೆಸರಿನೊಳಗೆ ಹೊಕ್ಕ ಬಗೆ ಇದು. ನಮ್ಮಲ್ಲಿ ಬೆಂಗಳೂರಿಗೆ ಹೇಳುವ ಬೆಂದ ಕಾಳಿನ ಕಥೆಯೂ ಇದೇ ಜಾತಿಯದು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದು ಆ ಕಥೆ ಹೇಳುತ್ತದೆ. ಆದರೆ ಆ ಅರಸನಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದಿನ, ಕ್ರಿ. ಶ. 890ರ ಸುಮಾರಿನ ಬೇಗೂರಿನ ವೀರಗಲ್ಲಿನಲ್ಲಿಯೇ ಬೆಂಗಳೂರೆಂಬ ಹೆಸರು ಕಾಣಿಸುತ್ತದೆ. ಹೀಗಿರುವಾಗ ನೊಣದ ವಿಷಯದಲ್ಲಿಯೂ ಸಂಶಯಪಡುವುದು ತಪ್ಪಲ್ಲ. ಆದರೆ ಸಂಶಯವು ಒಂದೇ ಪಕ್ಷದ ಮೇಲೆ ಬೀಳಬಾರದು.

ನೊಳಂಬ ಪಕ್ಷದ ಬಲವನ್ನು ಮೊದಲು ನೋಡೋಣ. ಹೆಂಜೇರು, ಎಂದರೆ ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಹೇಮಾವತಿ, ನೊಳಂಬರ ರಾಜಧಾನಿಯಾಗಿತ್ತು. ನೊಳಂಬವಾಡಿ ಮೂವತ್ತೆರಡು ಸಾವಿರವು ಶಾಸನಗಳಲ್ಲಿ ಪ್ರಸಿದ್ಧವಾದ ನಾಡು. ಗಂಗರ ಇಮ್ಮಡಿ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ಇವರನ್ನು ಸೋಲಿಸಿ ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದನು. ಚೋಳರ ತಮಿಳು ಶಾಸನಗಳು ಈ ನಾಡನ್ನು ನುಳಂಬಪಾಡಿ ಎನ್ನುತ್ತವೆ. ಹೊಯ್ಸಳರ ಬಿರುದುಗಳಲ್ಲಿ ಇದು ನೊಣಂಬವಾಡಿ ಎಂದೂ ಬರುತ್ತದೆ. ಳಕಾರವು ಣಕಾರವಾದುದಕ್ಕೆ ಇಷ್ಟು ಸಾಕ್ಷಿ ಸಾಕು. ಮುಂದೆ ಅನುನಾಸಿಕವೂ ಜಾರಿ ನೊಣಬ ಎಂಬ ರೂಪ ಬಂದಿತು. ತಮಿಳಿನ ಕುರುಂಬ ಶಬ್ದಕ್ಕೆ ಕನ್ನಡದಲ್ಲಿ ಕುರುಬ ಎಂದಿರುವುದು ಇದಕ್ಕೆ ಸಮಾನವಾದ ಉದಾಹರಣೆ. ತಿಪಟೂರು, ತುರುವೇಕೆರೆ, ಗುಬ್ಬಿಯ ಸೀಮೆಯಲ್ಲಿ ನೊಣಬರೆಂಬ ಒಕ್ಕಲು ಸಮುದಾಯವು ಇಂದಿಗೂ ನೆಲೆಸಿದೆ. ಈ ಹೆಸರು ನೊಳಂಬವಾಡಿಯಿಂದ ಬಂದುದೆಂದು ಬಿ. ಎಲ್. ರೈಸ್ ಅವರು ಮೈಸೂರು ಗ್ಯಾಸೆಟಿಯರಿನಲ್ಲಿಯೇ ಸೂಚಿಸಿದ್ದಾರೆ. ಇಷ್ಟನ್ನೂ ನಾವು ಒಪ್ಪುತ್ತೇವೆ. ಆದರೆ ನೊಳಂಬದಿಂದ ನೊಣಬ ಬಂದಿತೆಂಬುದು ಸಿದ್ಧವಾದ ಮಾತ್ರಕ್ಕೆ ನೊಣಬದಿಂದ ನೊಣವಿನಕೆರೆ ಬಂದಿತೆಂಬುದು ಸಿದ್ಧವಾಗುವುದಿಲ್ಲ. ಈ ಎರಡನೆಯ ಹೆಜ್ಜೆಯನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು.

ನೊಣದ ಪಕ್ಷಕ್ಕೆ ಎತ್ತಬಹುದಾದ ಆಕ್ಷೇಪವೊಂದಿದೆ. ಅದು ವ್ಯಾಕರಣಕ್ಕೆ ಸೇರಿದುದು. ಇಂದಿನ ಕನ್ನಡದಲ್ಲಿ ಅಕಾರಾಂತ ನಪುಂಸಕ ಶಬ್ದಗಳಿಗೆ ಷಷ್ಠಿಯಲ್ಲಿ 'ದ' ಬರುತ್ತದೆ: ಮರದ, ಹೊಲದ, ನೊಣದ. 'ಇನ' ಬರುವುದು ಉಕಾರಾಂತಗಳಿಗೆ. ತೋಟದವರು ತೆಂಗಿನ ಮರ ಎನ್ನುತ್ತಾರೆಯೇ ಹೊರತು ತೆಂಗದ ಮರ ಎನ್ನುವುದಿಲ್ಲ. ಹೀಗಿರುವಾಗ ನೊಣದ ಕೆರೆಯು ನೊಣದಕೆರೆಯಾಗಬೇಕಲ್ಲದೆ ನೊಣವಿನಕೆರೆಯಾಗುವುದು ಹೇಗೆ? ಆಕ್ಷೇಪವು ಬಲವಾಗಿಯೇ ಕಾಣುತ್ತದೆ. ಆದರೆ ಇದು ಇಂದಿನ ಕನ್ನಡದ ಅಳತೆಗೋಲಿನಿಂದ ಹಳೆಯ ಹೆಸರನ್ನು ಅಳೆಯುವ ಕೆಲಸ. ಹಳಗನ್ನಡದಲ್ಲಿ ಈ ಕೀಟಕ್ಕೆ ನೊಳವು ಎಂಬ ರೂಪವಿತ್ತು. ನೊಣವು ಎಂಬುದು ಅದರ ರೂಪಾಂತರ. ಇಲ್ಲಿಯ 'ವು' ಮರವು, ಹೊಲವು ಎಂಬಲ್ಲಿ ಬರುವ ಪ್ರಥಮೆಯ ಕುರುಹಲ್ಲ. ಅದು ಪ್ರಕೃತಿಯ ಭಾಗವೇ ಆಗಿದೆ. ಅಂಥ ಶಬ್ದದ ಷಷ್ಠಿಯು ನೊಣವಿನ ಎಂದೇ ಆಗತಕ್ಕುದು.

ಇತರ ದ್ರಾವಿಡ ಭಾಷೆಗಳ ಸಾಕ್ಷಿಯೂ ಇದಕ್ಕೆ ಅನುಕೂಲವಾಗಿದೆ. ತಮಿಳಿನಲ್ಲಿ ನುಳಂಬು ಎಂದರೆ ಸಣ್ಣ ನೊಣ. ಶ್ರೀಲಂಕೆಯ ತಮಿಳರು ಇಂದಿಗೂ ಸೊಳ್ಳೆಯನ್ನು ನುಳಂಬು ಎಂದೇ ಕರೆಯುತ್ತಾರೆ. ತಮಿಳಿನ ವೇಂಬು ಕನ್ನಡದಲ್ಲಿ ಬೇವು. ಪಾಂಬು ಇಲ್ಲಿ ಪಾವು, ಮುಂದೆ ಹಾವು. ಅದೇ ಕ್ರಮದಲ್ಲಿ ನುಳಂಬು ಶಬ್ದಕ್ಕೆ ಸರಿಯಾಗಿ ನೊಳವು ನಿಲ್ಲುತ್ತದೆ. ಬೇವಿನ, ಹಾವಿನ, ನೊಣವಿನ ಎಂಬ ಮೂರೂ ಒಂದೇ ಎರಕದಲ್ಲಿ ಎರೆದ ರೂಪಗಳು. ಇಲ್ಲಿ ಯಾವ ಅಪವಾದವನ್ನೂ ಕಲ್ಪಿಸಬೇಕಾಗಿಲ್ಲ.

ಅರಸನ ಪಕ್ಷವನ್ನು ಇದೇ ಒರೆಗಲ್ಲಿಗೆ ಹಚ್ಚೋಣ. ವ್ಯಕ್ತಿಯ ಹೆಸರಿನಿಂದ ಊರಿನ ಹೆಸರು ಬಂದಾಗ ಪುಲ್ಲಿಂಗದ 'ನ' ಕಾಣಿಸಬೇಕು. ಹಾಗಲವಾಡಿಯ ಪಾಳೆಯಗಾರರ ಮನೆತನವನ್ನು ನೆನಪಿಸುವ ಚಿಕ್ಕನಾಯಕನಹಳ್ಳಿಯಲ್ಲಿ ಅದು ಸ್ಪಷ್ಟವಾಗಿದೆ. ಜನಸಮುದಾಯದಿಂದ ಬಂದಾಗ ಬಹುವಚನದ 'ರ' ಕಾಣಿಸುತ್ತದೆ. ಬೆಂಗಳೂರಿನ ತಿಗಳರಪಾಳ್ಯದಲ್ಲಿ ಹಾಗಿದೆ. ಈ ನ್ಯಾಯದಿಂದ ನಮಗೆ ದೊರೆಯಬೇಕಾದುದು ನೊಣಬನಕೆರೆ, ಇಲ್ಲವೆ ನೊಣಬರಕೆರೆ. ಹೆಸರುಗಳು ಸವೆಯುತ್ತವೆ, ನಿಜ. ಅರಸಿಯಕೆರೆಯು ಸವೆದು ಅರಸೀಕೆರೆಯಾಗಿದೆ. ಆದರೆ ಸವೆತವು ಅಕ್ಷರಗಳನ್ನು ಕಳೆಯುತ್ತದೆ. ಒಂದು ಲಿಂಗದ ಪ್ರತ್ಯಯವನ್ನು ತೆಗೆದು ಮತ್ತೊಂದು ಲಿಂಗದ ಪ್ರತ್ಯಯವನ್ನು ತಂದಿಡುವುದಿಲ್ಲ. ಅದಲ್ಲದೆ ಸಮುದಾಯದ ಹೆಸರಿನಲ್ಲಿ ಬಕಾರವು ಇಂದಿಗೂ ಕೆಡದೆ ಉಳಿದಿದೆ. ಅದೇ ಸೀಮೆಯ ಅದೇ ಜನರ ನಾಲಿಗೆಯಲ್ಲಿ ಜನರ ಹೆಸರಿನ ಬಕಾರವು ನಿಂತು, ಊರಿನ ಹೆಸರಿನ ಬಕಾರವು ಮಾತ್ರ ವಕಾರವಾಯಿತೆನ್ನಲು ಬೇರೆ ಕಾರಣವನ್ನು ತೋರಿಸಬೇಕು. ಮಾವಿನಕೆರೆಯಂಥ ಹೆಸರುಗಳ ಸಾದೃಶ್ಯದಿಂದ ಹಾಗಾಯಿತೆಂದು ವಾದಿಸಬಹುದು. ಯಾರ್ಕಿನ ಉದಾಹರಣೆಯು ಅಂಥ ಮಾರ್ಪಾಟು ಅಸಾಧ್ಯವಲ್ಲವೆಂದು ತೋರಿಸುತ್ತದೆ. ಆದರೆ ಯಾರ್ಕಿನಲ್ಲಿ ಹಳೆಯ ರೂಪವು ಬರೆಹದಲ್ಲಿ ಉಳಿದುಬಂದಿದೆ. ಅದರಿಂದಲೇ ಮಾರ್ಪಾಟು ಸಿದ್ಧವಾಯಿತು. ಇಲ್ಲಿಯೂ ನೊಳಂಬನ ಅಥವಾ ನೊಣಬರ ಎಂಬ ಷಷ್ಠಿಯುಳ್ಳ ಪ್ರಾಚೀನ ಲಿಖಿತ ರೂಪವೊಂದನ್ನು ಮುಂದಿಟ್ಟರೆ ಮಾತ್ರ ಅರಸನ ಪಕ್ಷವು ಗೆಲ್ಲಬಲ್ಲದು. ಅಲ್ಲಿಯವರೆಗೆ ಶಬ್ದಶಾಸ್ತ್ರದ ತಕ್ಕಡಿಯು ನೊಣದ ಕಡೆಗೇ ವಾಲುತ್ತದೆ.

ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನುಳಂಬ ಎಂಬ ವಂಶನಾಮಕ್ಕೂ ನುಳಂಬು ಎಂಬ ಕೀಟನಾಮಕ್ಕೂ ಇರುವ ಅಂತರ ಕೊನೆಯ ಸ್ವರವೊಂದೇ. ಎರಡು ಪಕ್ಷಗಳು ಹುಟ್ಟಲು ಈ ಸಾಮ್ಯವೇ ಕಾರಣ. ಆದರೆ ರೂಪಸಾಮ್ಯವೊಂದೇ ಸಂಬಂಧಕ್ಕೆ ಸಾಕ್ಷಿಯಾಗದು. ವಂಶವು ಕೀಟದಿಂದ ಹೆಸರು ಪಡೆಯಿತೆಂದು ಇದರಿಂದ ಹೇಳಹೊರಡುವುದು ಮತ್ತೊಂದು ಬೆಂದ ಕಾಳಿನ ಕಥೆಯನ್ನು ಕಟ್ಟಿದಂತೆಯೇ ಸರಿ.

ನೊಣವಿನ ಕೆರೆ ಎಂದು ಏಕೆ ಕರೆದರೆಂಬ ಪ್ರಶ್ನೆಯಲ್ಲಿಯೂ ಇದೇ ಸಂಯಮ ಬೇಕು. ನೊಣವೆಂಬುದು ಕನ್ನಡದಲ್ಲಿ ಮನೆಯ ನೊಣಕ್ಕೆ ಮಾತ್ರ ಸಲ್ಲುವ ಮಾತಲ್ಲ. ಜೇನನ್ನು ಕೂಡಿಸುವ ಕೀಟವೂ ಜೇನುನೊಣವೇ. ನೆರೆಯ ತುರುವೇಕೆರೆಯ ಹೆಸರಿನಲ್ಲಿ ದನವೆಂಬರ್ಥದ 'ತುರು' ಇದೆ. ನೀರಿಗೆ ಬರುವ ದನಗಳನ್ನೂ ಅವುಗಳನ್ನು ಮುತ್ತುವ ನೊಣಗಳನ್ನೂ ಕೂಡಿಸಿ ಒಂದು ಚಿತ್ರವನ್ನು ಬರೆಯುವುದು ಸುಲಭ. ಆದರೆ ಅದು ಪ್ರಮಾಣವಲ್ಲ. ಶಬ್ದದ ರೂಪವು ತಿಳಿಸುವುದು ಒಂದು. ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಮತ್ತೊಂದು. ಮೊದಲನೆಯದನ್ನು ವ್ಯಾಕರಣದಿಂದ ತಿಳಿಯಬಹುದು. ಎರಡನೆಯದಕ್ಕೆ ಬೇರೆ ಸಾಕ್ಷಿ ಬೇಕು.

ಇನ್ನು ಗೌರವದ ಮಾತು. ಎತ್ತುಗಳು ಹೊಳೆ ದಾಟುವ ಜಾಗವೆಂಬರ್ಥದ ಆಕ್ಸ್‌ಫರ್ಡ್ ಎಂಬ ಹೆಸರಿನಿಂದ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಯಾವ ಕುಂದೂ ಬಂದಿಲ್ಲ. ಚೋಳರು ತಲಕಾಡಿಗೆ ರಾಜರಾಜಪುರವೆಂಬ ಘನವಾದ ಹೆಸರಿಟ್ಟರು, ಉಳಿದುದು ತಲಕಾಡೇ. ಒಕ್ಕಲುಮಕ್ಕಳ ನಾಲಿಗೆ ಕಾಪಾಡಿದ ಹೆಸರು ಅರಸರು ಕೊಟ್ಟ ಹೆಸರಿಗಿಂತ ಗಟ್ಟಿ. 2014ರ ನವೆಂಬರ್ 1ರಂದು ಕರ್ನಾಟಕ ಸರ್ಕಾರವು ತುಮಕೂರೂ ಸೇರಿದಂತೆ ಹನ್ನೆರಡು ನಗರಗಳ ಇಂಗ್ಲಿಷ್ ಬರೆಹವನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿತು. ಅದು ಇರುವ ಹೆಸರನ್ನು ಇದ್ದಂತೆ ಬರೆಯುವ ಕ್ರಮ. ಹೆಸರು ಕೀಳೆಂದು ಭಾವಿಸಿ ಅದನ್ನು ತಿದ್ದುವ ಅಥವಾ ಅದಕ್ಕೆ ವಂಶಾವಳಿಯನ್ನು ಹೊಸೆಯುವ ಕ್ರಮ ಬೇರೆ. ನೊಣವಿನಕೆರೆಯನ್ನು ನೊಳಂಬನ ಕೆರೆಯೆಂದು ಒಮ್ಮೆ ತಿದ್ದಿ ಬರೆದರೆ, ಕನ್ನಡವು ಕೈಬಿಟ್ಟಿರುವ ನೊಣವು ಎಂಬ ಹಳೆಯ ಶಬ್ದವನ್ನು ಇಂದಿಗೂ ಜನರ ಬಾಯಲ್ಲಿ ಉಳಿಸಿಕೊಂಡು ಬಂದಿರುವ ಸಾಕ್ಷಿಯೊಂದು ಅಳಿಸಿಹೋಗುತ್ತದೆ.

ಆದುದರಿಂದ ಸ್ಥಳನಾಮಗಳನ್ನು ಸಂಗ್ರಹಿಸಹೊರಡುವ ವಿದ್ಯಾರ್ಥಿಗಳು ಊರವರು ಹೇಳುವ ಕಥೆಯನ್ನೂ ಪುಸ್ತಕಗಳು ಹೇಳುವ ಚರಿತ್ರೆಯನ್ನೂ ಒಂದೇ ಎಚ್ಚರದಿಂದ ಕೇಳಬೇಕು. ಹೆಸರಿನ ಮೊದಲ ಭಾಗದಲ್ಲಿ ಕಾಣುವ ಅರಸನಿಗೋ ಪ್ರಾಣಿಗೋ ಮರುಳಾಗದೆ, ಯಾರೂ ಲಕ್ಷಿಸದ ವಿಭಕ್ತಿ ಪ್ರತ್ಯಯವನ್ನು ಮೊದಲು ವಿಚಾರಿಸಬೇಕು. ಹೊಗಳುವ ನಿಷ್ಪತ್ತಿಯನ್ನೂ ತೆಗಳುವ ನಿಷ್ಪತ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಈ ಶಾಸ್ತ್ರದ ಮೊದಲ ಪಾಠವೆಂದು ನಾವು ಭಾವಿಸುತ್ತೇವೆ.