ಕಂಪನಿ ಫಿಟ್ಟಿಂಗ್ ಎಂಬ ನಂಬಿಕೆ

ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ ಎಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟರೆ ಮೊದಲು ಸಿಗುವ ಬುದ್ಧಿಮಾತು ಒಂದೇ: ಯಾರೋ ಕೈಯಾಡಿಸಿದ ಗಾಡಿಯ ತಂಟೆಗೆ ಹೋಗಬೇಡ, ಕಂಪನಿ ಫಿಟ್ಟಿಂಗ್ ಇರುವುದನ್ನೇ ತಗೋ. ಬೆಂಗಳೂರಿನಲ್ಲೂ ಇದೇ ಮಾತು, ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್‌ಗಳ ಕನ್ನಡಿಗರ ಮನೆಗಳಲ್ಲೂ ಇದೇ ಮಾತು. ಮಕ್ಕಳನ್ನು ಶಾಲೆಗೆ ಬಿಡುವ ಕ್ಯಾಮ್ರಿಗೆ ಇದು ಸರಿಯೇ. ಆದರೆ ವಾರವೆಲ್ಲ ಆಫೀಸಿಗೆ, ಆಗಾಗ ಒಂದು ಭಾನುವಾರ ರೇಸ್ ಟ್ರ್ಯಾಕಿಗೆ, ಎರಡಕ್ಕೂ ಒಂದೇ ಕೂಪೆ ಬೇಕು ಎನ್ನುವವರಿಗೆ ಇದು ಅರೆಬೆಂದ ಸಲಹೆ. ಅಂಥವರು ಮಾಡಿಫೈ ಆದ ಕಾರನ್ನೇ ಹುಡುಕಬೇಕು ಎಂಬುದು ನನ್ನ ವಾದ. ಯಾವ ಭಾಗವನ್ನು, ಯಾಕೆ ಮಾಡಿಫೈ ಮಾಡಿದ್ದಾರೆ ಎಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ನೋಡಬೇಕು.

ಮಾತು ಗಾಳಿಯಲ್ಲಿ ತೇಲದಿರಲಿ, ಒಂದು ಕಾರನ್ನೇ ಎದುರಿಗಿಟ್ಟುಕೊಳ್ಳೋಣ. ಟೊಯೊಟಾ ಮತ್ತು ಸುಬಾರು ಕೂಡಿ ಮಾಡಿ 2012ರಲ್ಲಿ ಮಾರುಕಟ್ಟೆಗೆ ಬಿಟ್ಟ ಸಣ್ಣ ಕೂಪೆ ಅದು. ಒಂದು ಕಡೆ ಟೊಯೊಟಾ 86, ಇನ್ನೊಂದು ಕಡೆ ಸುಬಾರು ಬಿಆರ್‌ಝಡ್. ಅಮೆರಿಕದಲ್ಲಿ 2016ರವರೆಗೆ ಟೊಯೊಟಾದ ಪಾಲು ಸೈಯಾನ್ ಎಫ್‌ಆರ್-ಎಸ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಎರಡು ಲೀಟರಿನ ಬಾಕ್ಸರ್ ಎಂಜಿನ್, 200 ಅಶ್ವಶಕ್ತಿ, ಸುಮಾರು 1,250 ಕಿಲೋ ತೂಕ, ಓಡಿಸುವುದು ಹಿಂದಿನ ಚಕ್ರ. ಹೆಸರಿನ 86 ಬಂದದ್ದು ಎಂಬತ್ತರ ದಶಕದ ಕೊರೊಲಾ ಎಇ86ರಿಂದ. ‘ಇನಿಷಿಯಲ್ ಡಿ’ ಎಂಬ ಜಪಾನಿ ಚಿತ್ರಕಥೆ ಅದನ್ನು ದೇಶವಿದೇಶದ ಹುಡುಗರ ಕನಸಿಗೆ ತಂದಿತ್ತು. ಹೊಸ ಕಾರಿನ ಮುಖ್ಯ ಎಂಜಿನಿಯರ್ ಟೆಟ್ಸುಯಾ ತಾಡಾ, ಕೊಂಡವರು ತಮಗೆ ಬೇಕಾದಂತೆ ತಿದ್ದಿಕೊಳ್ಳುವ ಕಾರಾಗಲಿ ಎಂದೇ ಇದನ್ನು ರೂಪಿಸಿದರು. ಹಿಂದಿನ ಸೀಟು ಮಡಚಿದರೆ ಟ್ರ್ಯಾಕಿಗೆ ಬೇಕಾದ ನಾಲ್ಕು ಚಕ್ರ ಒಳಗೆ ಹಿಡಿಸುತ್ತವೆ. ಅದೂ ಲೆಕ್ಕ ಹಾಕಿ ಮಾಡಿದ್ದೇ. ಕಂಪನಿ ಹಾಕಿ ಕಳಿಸಿದ ಟೈರಂತೂ ಪ್ರಿಯಸ್ ಹೈಬ್ರಿಡ್‌ಗೂ ಹಾಕುತ್ತಿದ್ದ ಮಿಶೆಲಿನ್ ಪ್ರೈಮಸಿ. ಹಿಡಿತ ಕಡಿಮೆಯಿದ್ದರೆ ಸಾಧಾರಣ ವೇಗದಲ್ಲೇ ಹಿಂಭಾಗ ಜಾರುತ್ತದೆ, ಓಡಿಸುವವರಿಗೆ ಮಜಾ ಸಿಗುತ್ತದೆ ಎಂಬ ಲೆಕ್ಕಾಚಾರ. ತಿದ್ದಿಕೊಳ್ಳಿ ಎಂದು ಮಾಡಿದವರೇ ಹೇಳಿ ಮಾರಿದ ಕಾರಿನ ಮೂಲಸ್ಥಿತಿಗೆ ನಾವು ಇಷ್ಟೊಂದು ಮಡಿ ಮಾಡುವುದೇಕೆ?

ಸನಿವೇಲ್, ಫ್ರೀಮಾಂಟ್‌ಗಳಿರುವ ಬೇ ಏರಿಯಾದವರು ಟ್ರ್ಯಾಕ್ ಡೇಗೆ ಹೋಗುವುದು ಹೆಚ್ಚಾಗಿ ಮೂರು ಕಡೆ: ಮಾಂಟರೆ ಬಳಿಯ ಲಗೂನಾ ಸೆಕಾ, ಸೊನೋಮಾ, ಮತ್ತು ಉತ್ತರದಲ್ಲಿ ವಿಲೋಸ್ ಎಂಬ ಊರಿನ ಹತ್ತಿರದ ಥಂಡರ್‌ಹಿಲ್. ಅಲ್ಲಿ ಸ್ಪರ್ಧೆ ಇರುವುದಿಲ್ಲ, ಬಹುಮಾನವೂ ಇಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿ, ಸರದಿ ಬಂದಾಗ ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಓಡಿಸಿ ಹೊರಬರುವುದು. ಆ ಇಪ್ಪತ್ತು ನಿಮಿಷದಲ್ಲಿ ಕಾರನ್ನು ಕಾಡುವುದು ಶಾಖ. ಓಡಿಸುವವರನ್ನೂ ಸೇರಿಸಿ 1,350 ಕಿಲೋ ತೂಗುವ ಕಾರು ಗಂಟೆಗೆ 180 ಕಿಲೋಮೀಟರಿನಿಂದ 80ಕ್ಕೆ ಇಳಿಯುವಾಗ ಸುಮಾರು ಹದಿಮೂರೂವರೆ ಲಕ್ಷ ಜೂಲ್ ಶಕ್ತಿ ಶಾಖವಾಗುತ್ತದೆ. ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಸಾಕಾಗುವಷ್ಟು ಅದು, ಮತ್ತು ಅದರ ಬಹುಪಾಲು ಕೆಲವೇ ಸೆಕೆಂಡಿನಲ್ಲಿ ಬ್ರೇಕಿನ ಡಿಸ್ಕ್‌ಗೂ ಪ್ಯಾಡಿಗೂ ಸೇರುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಬ್ರೇಕ್ ಆಯಿಲ್ ಹೊಸದಿದ್ದಾಗ ಡಾಟ್ 4 ದರ್ಜೆಯದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಗಾಳಿಯ ತೇವ ಹೀರಿ ಹಳತಾದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆಫೀಸಿನ ದಾರಿಗೆ ಮಾಡಿದ ಪ್ಯಾಡುಗಳೂ ಈ ಶಾಖಕ್ಕೆ ಹಿಡಿತ ಬಿಡುತ್ತವೆ. ಈ ಕಾರಿನ ಎಂಜಿನ್ ಆಯಿಲ್ ಟ್ರ್ಯಾಕಿನಲ್ಲಿ ಅತಿಯಾಗಿ ಕಾಯುತ್ತದೆ ಎಂಬುದು ಇದನ್ನು ಓಡಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೇ ಆಯಿಲ್ ಕೂಲರ್ ಹಾಕಿಸುತ್ತಾರೆ. ಮುಂದಿನ ಚಕ್ರಗಳು ಫ್ಯಾಕ್ಟರಿಯಿಂದ ಬರುವಾಗ ಬಹುಮಟ್ಟಿಗೆ ನೆಟ್ಟಗೆ ನಿಂತಿರುತ್ತವೆ, ಅವನ್ನು ಒಳಕ್ಕೆ ವಾಲಿಸುವ ಸೌಲಭ್ಯ ಕಂಪನಿ ಕೊಟ್ಟಿಲ್ಲ. ಹಾಗೇ ಟ್ರ್ಯಾಕಿಗಿಳಿಸಿದರೆ ಟೈರಿನ ಹೊರ ಅಂಚು ಸವೆದು ಹೋಗುತ್ತದೆ, ಒಳಭಾಗ ಹೊಸದಾಗಿಯೇ ಉಳಿಯುತ್ತದೆ. ಕ್ಯಾಂಬರ್ ಬೋಲ್ಟೋ ಕ್ಯಾಂಬರ್ ಪ್ಲೇಟೋ ಹಾಕಿಸಿ ಎರಡು, ಎರಡೂವರೆ ಡಿಗ್ರಿ ವಾಲಿಸದೆ ಗತ್ಯಂತರವಿಲ್ಲ.

ಅಂದರೆ ಸ್ಟಾಕ್ ಕಾರು, ಅದೇ ಕಂಪನಿ ಫಿಟ್ಟಿಂಗ್ ಕಾರು, ಕೊಂಡವರೂ ಕೆಲವೇ ಟ್ರ್ಯಾಕ್ ಡೇಗಳಲ್ಲಿ ಪ್ಯಾಡು, ಬ್ರೇಕ್ ಆಯಿಲ್, ಕೂಲರ್, ಕ್ಯಾಂಬರ್ ಪ್ಲೇಟು, ಇನ್ನೊಂದು ಸೆಟ್ ಚಕ್ರ ಎಂದು ಒಂದೊಂದಾಗಿ ಕೊಳ್ಳುತ್ತಾ, ಬಿಚ್ಚುತ್ತಾ, ಕೂಡಿಸುತ್ತಾ ಹೋಗಲೇಬೇಕು. ಇದೇ ಕೆಲಸವನ್ನು ಹಿಂದಿನ ಮಾಲೀಕರು ಒಳ್ಳೆಯ ಗ್ಯಾರೇಜಿನಲ್ಲಿ ಮಾಡಿಸಿ ರಸೀದಿ ಇಟ್ಟಿದ್ದರೆ, ಆ ಕಾರನ್ನು ಬಿಟ್ಟು ಕಂಪನಿ ಫಿಟ್ಟಿಂಗ್ ಕಾರಿಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ಯಾವ ಜಾಣತನವಿದೆ? ಹಾಕಿಸಿದ ಬಿಡಿಭಾಗಗಳ ಪೂರ್ತಿ ಬೆಲೆ ಮಾರುವಾಗ ಯಾರಿಗೂ ವಾಪಸು ಸಿಗುವುದಿಲ್ಲ. ಕೊಳ್ಳುವವರಿಗೆ ಅದು ಲಾಭ.

ಬುದ್ಧಿಮಾತು ಹೇಳುವವರು ಮರೆಯುವ ಇನ್ನೊಂದು ಸಂಗತಿಯೂ ಇದಕ್ಕೇ ಅಂಟಿಕೊಂಡಿದೆ. ಬಿಡಿಯಾಗಿ ಮಾರಿದರೆ ಹೆಚ್ಚು ದುಡ್ಡು ಸಿಗುವುದರಿಂದ ಎಷ್ಟೋ ಜನ ಕಾರು ಮಾರುವ ಮುಂಚೆ ಟರ್ಬೊ, ಸಸ್ಪೆನ್ಷನ್, ಸೈಲೆನ್ಸರ್ ಎಲ್ಲ ಬಿಚ್ಚಿ ಮಾರಿಕೊಂಡು, ಗ್ಯಾರೇಜಿನ ಮೂಲೆಯಲ್ಲಿದ್ದ ಕಂಪನಿಯ ಸಾಮಾನನ್ನೇ ಮರಳಿ ಕೂರಿಸುತ್ತಾರೆ. ಜಾಹೀರಾತಿನಲ್ಲಿ ‘ಪೂರ್ತಿ ಸ್ಟಾಕ್’ ಎಂದಿರುತ್ತದೆ. ಕೊಳ್ಳುವವರು ಮುಟ್ಟದ ಕಾರು ಸಿಕ್ಕಿತೆಂದು ಖುಷಿಪಡುತ್ತಾರೆ; ಎಂಜಿನ್ ಮಾತ್ರ ಎರಡು ವರ್ಷ ಟರ್ಬೊದ ಹೊಡೆತ ತಿಂದಿರುತ್ತದೆ. ಸ್ಟ್ರಟ್ ಬೋಲ್ಟುಗಳ ಮೇಲೆ ಸ್ಪ್ಯಾನರಿನ ಗುರುತು, ಹಳೆಯ ಸೈಲೆನ್ಸರಿಗೆ ಹೊಚ್ಚಹೊಸ ಗ್ಯಾಸ್ಕೆಟ್, ಬಂಪರಿನ ಹಿಂದೆ ಯಾಕೋ ಕೊರೆದ ತೂತು, ಇಷ್ಟು ಕಂಡರೆ ಕಥೆ ಅರ್ಥವಾಗಬೇಕು. ಏನೇನು ಮಾಡಿಸಿದ್ದೇನೆಂದು ಎದುರಿಗೇ ಹೇಳುವ ಕಾರು ಇದಕ್ಕಿಂತ ವಾಸಿ.

ಹಾಗಂತ ಎದುರು ಪಕ್ಷದವರ ಮಾತನ್ನೂ ನಾನು ಒಪ್ಪುವುದಿಲ್ಲ. ಇನ್ನೊಬ್ಬರ ಖರ್ಚಿನಲ್ಲಿ ನಮಗೆ ಹೆಚ್ಚು ಪವರ್ ಎಂದು ಕುಣಿಯುವವರ ಪಕ್ಷ ಅದು. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 12.5:1. ಟರ್ಬೊ ಇಲ್ಲದೆ ಓಡಲಿ ಎಂದು ಲೆಕ್ಕ ಹಾಕಿ ಮಾಡಿದ್ದು. ಅದರ ಮೇಲೆ ಟರ್ಬೊ ಕೂರಿಸಿ, ಯಾರು ಬರೆದದ್ದೆಂದು ಗೊತ್ತಿಲ್ಲದ ಟ್ಯೂನ್ ತುಂಬಿಸಿದ ಕಾರು ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಬೇಡ. ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕಾರೂ ಬೇಡ. ಮುಂದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅತಿಯಾಗಿ ತಗ್ಗಿಸಿದರೆ ಸಸ್ಪೆನ್ಷನ್ನಿನ ಜಾಮೆಟ್ರಿ ಕೆಡುತ್ತದೆ, ತಿರುವಿನಲ್ಲಿ ಕಾರು ಇನ್ನಷ್ಟು ವಾಲುತ್ತದೆ, ಸ್ಪ್ರಿಂಗು ಚಲಿಸಲು ಜಾಗವೇ ಇಲ್ಲದೆ ರಬ್ಬರ್ ಸ್ಟಾಪಿನ ಮೇಲೆ ಕೂರುತ್ತದೆ. ಟ್ರ್ಯಾಕಿಗೂ ದಂಡ, 880 ಹೆದ್ದಾರಿಯ ಗುಂಡಿಗಳಿಗೂ ದಂಡ. ಸೀಟು, ಬೆಲ್ಟುಗಳ ವಿಷಯದಲ್ಲಿ ನನ್ನದು ಇನ್ನೂ ಬಿಗಿ. ಏರ್‌ಬ್ಯಾಗ್ ಇದ್ದ ಸ್ಟೀರಿಂಗ್ ತೆಗೆದು ಪುಟ್ಟ ಸ್ಟೀರಿಂಗ್ ಹಾಕಿದ್ದರೆ, ರೋಲ್ ಬಾರ್ ಇಲ್ಲದೆ ನಾಲ್ಕು ಪಟ್ಟಿಯ ಹಾರ್ನೆಸ್ ಬಿಗಿದಿದ್ದರೆ, ಸೀಟು ಬದಲಿಸಿದ್ದರಿಂದ ಏರ್‌ಬ್ಯಾಗಿನ ದೀಪ ಉರಿಯುತ್ತಿದ್ದರೆ ಆ ಕಾರಿನ ಬಾಗಿಲು ಮುಚ್ಚಿ ಬಂದುಬಿಡಿ. ಅದರಲ್ಲಿ ಚೌಕಾಸಿಗೂ ಜಾಗವಿಲ್ಲ.

ಕ್ಯಾಲಿಫೋರ್ನಿಯಾದ ಕಾನೂನು ಈ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟು. ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ. ಹೊಗೆಗೆ ಸಂಬಂಧಿಸಿದ ಯಾವ ಭಾಗ ಬದಲಾಗಿದ್ದರೂ ಅದರ ಮೇಲೆ ರಾಜ್ಯದ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ಸಂಖ್ಯೆ ಇರಬೇಕು. 2021ರ ಜುಲೈನಿಂದ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿದ್ದಾರೆಯೇ ಎಂದೂ ನೋಡುತ್ತಾರೆ. ಮಾರುವವರೇ ಸ್ಮಾಗ್ ಸರ್ಟಿಫಿಕೇಟ್ ಕೊಡಬೇಕು, ಖಾಸಗಿ ಮಾರಾಟದಲ್ಲೂ. ಆದರೆ ಪರೀಕ್ಷೆಯ ದಿನಕ್ಕೆ ಮಾತ್ರ ಹಳೆಯ ಸಾಮಾನು ಕೂರಿಸಿ ಪಾಸಾದ ಕಾರೂ ಇರುತ್ತದೆ, ಸರ್ಟಿಫಿಕೇಟ್ ಒಂದನ್ನೇ ನಂಬಬೇಡಿ. ಶಬ್ದದ್ದು ಬೇರೆಯೇ ರಗಳೆ. ರಸ್ತೆಯಲ್ಲಿ ಸೈಲೆನ್ಸರಿನ ಮಿತಿ 95 ಡೆಸಿಬಲ್. ಲಗೂನಾ ಸೆಕಾದಲ್ಲಿ ಹೆಚ್ಚಿನ ಟ್ರ್ಯಾಕ್ ಡೇಗಳ ಮಿತಿ 90. ಅದನ್ನು ಅಳೆಯುವುದು ಟ್ರ್ಯಾಕಿನ ಬದಿಯಲ್ಲಿ, ಕಾರು ಓಡುತ್ತಿರುವಾಗ. ಮೀರಿದರೆ ಕಪ್ಪು ಬಾವುಟ ತೋರಿಸಿ ಹೊರಗೆ ಕರೆಯುತ್ತಾರೆ. ಗುಡುಗುವ ಸೈಲೆನ್ಸರಿಗೆ ಸಾವಿರ ಡಾಲರ್ ಸುರಿದವರು, ಅಲ್ಲಿನ ಹೆಸರಾದ ಕಾರ್ಕ್‌ಸ್ಕ್ರೂ ತಿರುವಿನಲ್ಲಿ ಹದಿನೆಂಟು ಮೀಟರ್ ಕೆಳಕ್ಕೆ ಧುಮುಕುವ ಸುಖ ಬಿಟ್ಟು ಪಾರ್ಕಿಂಗಿನಲ್ಲಿ ಕೂರಬೇಕಾಗುತ್ತದೆ. ಟ್ರ್ಯಾಕಿಗಾಗಿ ಮಾಡಿಸಿದ ಕೆಲಸ ಯಾವುದು, ಪಾರ್ಕಿಂಗಿನ ನೋಟಕರಿಗಾಗಿ ಮಾಡಿಸಿದ್ದು ಯಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ: ಟ್ರ್ಯಾಕಿನಲ್ಲಿ ಓಡಿದ ಕಾರು ಸವೆದಿರುತ್ತದೆ. ನಿಜ. ಕ್ಲಚ್ ಪ್ಲೇಟು, ವೀಲ್ ಬೇರಿಂಗು, ಬುಷ್ಷುಗಳಿಗೆ ಅಲ್ಲಿ ಬೇಗ ಆಯಸ್ಸು ಮುಗಿಯುತ್ತದೆ. ಆದರೆ ಟ್ರ್ಯಾಕಿಗೆ ಹೋಗುವವರು ಆಯಿಲ್ ಬೇಗ ಬೇಗ ಬದಲಿಸುತ್ತಾರೆ, ಪ್ರತಿ ಸಲ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್ ಹಿಡಿದು ನೋಡುತ್ತಾರೆ, ಎಲ್ಲಿ ಏನು ಸೋರುತ್ತಿದೆ ಎಂದು ಅವರಿಗೆ ಗೊತ್ತಿರುತ್ತದೆ. ಆಫೀಸಿಗೆ ಮಾತ್ರ ಓಡಿಸಿ ವರ್ಷಗಟ್ಟಲೆ ಬ್ರೇಕ್ ಆಯಿಲ್ ಬದಲಿಸದ ಮಾಲೀಕರಿಗಿಂತ ಇಂಥವರ ಕೈಯಿಂದ ಕೊಳ್ಳುವುದು ನನಗೆ ಸಮಾಧಾನ. ಸಂಶಯಕ್ಕೆ ಮದ್ದೂ ಇದೆ: ಸುಬಾರು ಎಂಜಿನ್ ಬಲ್ಲ ಗ್ಯಾರೇಜಿನಲ್ಲಿ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸಬಹುದು. 2013ರ ಮಾದರಿಯಾದರೆ ಇನ್ನೊಂದು ಎಚ್ಚರಿಕೆ. ವಾಲ್ವ್ ಸ್ಪ್ರಿಂಗಿನ ದೋಷಕ್ಕಾಗಿ 2018ರಲ್ಲಿ ಈ ಕಾರುಗಳನ್ನು ವಾಪಸು ಕರೆದಿದ್ದರು. ಆ ರಿಪೇರಿ ಆಗಿದೆಯೇ, ಎಲ್ಲಿ ಆಗಿದೆ ಎಂದು ಕೇಳಿ. ಎಂಜಿನ್ ಬಿಚ್ಚಿ ಮಾಡುವ ಕೆಲಸ ಅದು. ಮುಟ್ಟದ ಕಾರೇ ಬೇಕೆನ್ನುವವರು ಇಲ್ಲಿ ಕಂಪನಿಯೇ ಕೈಯಾಡಿಸಿದ ಎಂಜಿನ್ ಕೊಳ್ಳುತ್ತಿರುತ್ತಾರೆ ಎಂಬುದನ್ನೂ ಗಮನಿಸಿ.

ದಿನದ ಓಡಾಟದಲ್ಲಿ ಕಷ್ಟವಿಲ್ಲವೆಂದು ಹೇಳಲಾರೆ. ಅಪ್ಪಟ ಟ್ರ್ಯಾಕ್ ಪ್ಯಾಡು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ, ಸಿಗ್ನಲ್ಲಿನಲ್ಲಿ ಕಿರುಚುತ್ತದೆ. ಶನಿವಾರ ಸಂಜೆ ಹಾಕಿ ಭಾನುವಾರ ರಾತ್ರಿ ತೆಗೆಯುವ ಅಭ್ಯಾಸ ಬೇಕು. ಟ್ರ್ಯಾಕಿನ ಟೈರು ಆಫೀಸಿನ ದಾರಿಯಲ್ಲಿ ಬೇಗ ಸವೆಯುತ್ತದೆ. ಅಮೆರಿಕದ ಎಷ್ಟೋ ಇನ್ಶೂರೆನ್ಸ್ ಪಾಲಿಸಿಗಳು ರೇಸ್ ಟ್ರ್ಯಾಕಿನಲ್ಲಾದ ಹಾನಿಗೆ ದುಡ್ಡು ಕೊಡುವುದಿಲ್ಲ, ಆ ದಿನದ ಮಟ್ಟಿಗೆ ಬೇರೆ ಪಾಲಿಸಿ ಮಾಡಿಸಬೇಕು. ಇವಿಷ್ಟೂ ಸ್ಟಾಕ್ ಕಾರು ಕೊಂಡು ಟ್ರ್ಯಾಕಿಗೆ ಹೋಗುವವರಿಗೂ ತಪ್ಪಿದ್ದಲ್ಲ.

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ಈ ವಾದವನ್ನು ಹಾಗೇ ಎತ್ತಿ ಬೆಂಗಳೂರಿಗೆ ತರಬೇಡಿ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಓಡಿಸಿಕೊಂಡು ಹೋಗುವವರು ಅದೇ ಅಳತೆಯ ಒಳ್ಳೆಯ ಟೈರು, ಪ್ಯಾಡು, ಬ್ರೇಕ್ ಆಯಿಲ್‌ಗಳಿಗೇ ನಿಲ್ಲಿಸುವುದು ಕ್ಷೇಮ.

ಸನಿವೇಲ್, ಫ್ರೀಮಾಂಟ್‌ಗಳಲ್ಲಿ ಇಂಥ ಕಾರು ಹುಡುಕುತ್ತಿರುವವರು, ನೋಡಲು ಹೋದಾಗ ಬಾನೆಟ್ ಎತ್ತುವ ಮುಂಚೆ ಮೂರು ವಸ್ತು ಕೇಳಿ: ಕಳೆದ ಅಲೈನ್‌ಮೆಂಟಿನ ಪ್ರಿಂಟ್, ಬ್ರೇಕ್ ಆಯಿಲ್ ಬದಲಿಸಿದ ರಸೀದಿಗಳು, ಬಿಚ್ಚಿಟ್ಟ ಕಂಪನಿ ಸಾಮಾನಿನ ಪೆಟ್ಟಿಗೆ. ಮೂರೂ ಇದ್ದರೆ ಧೈರ್ಯವಾಗಿ ಬೆಲೆ ಮಾತಾಡಿ. ಇಲ್ಲದೆ ಬರೀ ಡೈನೊ ಶೀಟು ತೋರಿಸಿ ಇಷ್ಟು ಅಶ್ವಶಕ್ತಿ ಎಂದು ಶುರುಮಾಡಿದರೆ, ಚಹಾ ಕೊಟ್ಟರೆ ಕುಡಿದು ಎದ್ದು ಬನ್ನಿ.